ಪರಂಗಿ ಅಂದ್ರೆ ಯಾವೂರು?

ಪಾಂಡವಪುರದ ಸಂತೆಯಲ್ಲಿ ಪರಂಗಿ ಹಣ್ಣು ಕೇಳಿದರೆ ಪಪ್ಪಾಯ ಕೊಡ್ತಾರೆ. ಅದೇ ಹೆಸರು ಹಿಡ್ಕೊಂಡು ತಮಿಳುನಾಡಿಗೆ ಹೋಗಿ ಪರಂಗಿಕಾಯಿ ಕೊಡಿ ಅಂದ್ರೆ ತಕ್ಕಡಿ ಮೇಲೆ ಬರೋದು ಸಿಹಿ ಕುಂಬಳ. ಕೇರಳದಲ್ಲಿ ಪರಂಗಿಮಾವು ಅಂದ್ರೆ ಗೇರುಮರ. ಆಫೀಸಿನ ಗೆಳೆಯರ ಜೊತೆ ಥಾಯ್ಲೆಂಡ್ ಟ್ರಿಪ್ ಮಾಡಿದವರು ಅಲ್ಲಿ 'ಫರಾಂಗ್' ಅನ್ನೋ ಪದ ಕೇಳಿರಬಹುದು. ಥಾಯ್ ಭಾಷೆಯಲ್ಲಿ ಅದು ಬಿಳಿಯರಿಗೂ ಹೆಸರು, ಸೀಬೆಹಣ್ಣಿಗೂ ಹೆಸರು.

ಪಪ್ಪಾಯ, ಸಿಹಿ ಕುಂಬಳ, ಗೇರು, ಸೀಬೆ. ಈ ನಾಲ್ಕಕ್ಕೂ ಮೂಲ ಅಮೆರಿಕ ಖಂಡಗಳು. ಪರಂಗಿಯವರು ಅಂತ ನಾವು ಕರೆದ ಜನರ ಊರಲ್ಲಿ ಇವು ಯಾವುದೂ ಬೆಳೆದದ್ದಲ್ಲ. ಅವರು ಹಡಗಲ್ಲಿ ತಂದರು, ನಾವು ತಂದವರ ಹೆಸರನ್ನೇ ಹಣ್ಣಿಗೆ ಇಟ್ಟೆವು. ನಮ್ಮ ಮಲೆನಾಡಿನವರು ಅದೇ ಸಿಹಿ ಕುಂಬಳಕ್ಕೆ ಚೀನಿಕಾಯಿ ಅಂತಾರೆ, ಚೀನಾಕ್ಕೂ ಅದಕ್ಕೂ ಸಂಬಂಧ ಇಲ್ಲದಿದ್ದರೂ. ಹೆಸರಿಡೋ ಹೊತ್ತಲ್ಲಿ ಯಾರೂ ಪಾಸ್‌ಪೋರ್ಟ್ ನೋಡೋದಿಲ್ಲ.

ಹಣ್ಣಿನ ವಿಷಯದಲ್ಲಿ ಇದು ತಮಾಷೆ. ಮನುಷ್ಯರ ವಿಷಯಕ್ಕೆ ಬಂದಾಗ ಇದೇ ಅಭ್ಯಾಸ ಏನು ಮಾಡುತ್ತೆ? ಒಂದು ದೇಶದವರಿಗೆ, ಒಂದು ಸೀಮೆಯವರಿಗೆ ನಾವಿಟ್ಟ ಹೆಸರು ಹಳೆಯದಾಯ್ತು, ಇನ್ನು ಬಳಸಬಾರದು ಅಂತ ತೀರ್ಮಾನ ಮಾಡೋದು ಯಾವಾಗ, ಯಾರು? ಈ ಪ್ರಶ್ನೆ ಕೇಳೋಕೆ 'ಪರಂಗಿ'ಗಿಂತ ಒಳ್ಳೆ ಪದ ನನಗೆ ಸಿಕ್ಕಿಲ್ಲ. ಮೊದಲು ಅದರ ಜಾತಕ ನೋಡೋಣ.

ಇವತ್ತಿನ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಯ ಕಡೆ ಫ್ರಾಂಕ್ ಅನ್ನೋ ಜನ ಇದ್ದರು. ಫ್ರಾನ್ಸ್‌ಗೆ ಆ ಹೆಸರು ಬಂದದ್ದೇ ಅವರಿಂದ. 1096ರಿಂದಾಚೆಗೆ ಶಿಲುಬೆ ಯುದ್ಧಗಳಿಗೆ ಅಂತ ಪಶ್ಚಿಮ ಯುರೋಪಿನ ಸೈನ್ಯಗಳು ಜೆರುಸಲೇಮಿನ ಕಡೆ ಹೊರಟವು. ಅದರಲ್ಲಿ ನಾರ್ಮನ್ನರಿದ್ದರು, ಇಟಲಿಯವರಿದ್ದರು, ಜರ್ಮನ್ನರಿದ್ದರು. ಅರಬ್ಬರಿಗೆ ಎಲ್ಲರೂ ಒಂದೇ, 'ಫಿರಂಜ್'. ಪಾರ್ಸಿಯಲ್ಲಿ ಅದು ಫರಂಗಿ ಆಯ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ, ಇಲ್ಲಿನ ಬಂದರುಗಳಲ್ಲಿ ಅರಬ್ಬಿ, ಪಾರ್ಸಿ ಬಲ್ಲ ವ್ಯಾಪಾರಿಗಳ ಬಾಯಲ್ಲಿ ಈ ಜನಕ್ಕೊಂದು ಹೆಸರು ಮೊದಲೇ ಸಿದ್ಧವಾಗಿತ್ತು. ಬಂದವರು ಪೋರ್ಚುಗೀಸರು, ಸಿಕ್ಕ ಹೆಸರು ಫ್ರಾಂಕರದ್ದು. ಕನ್ನಡದ ನಾಲಿಗೆಗೆ 'ಫ' ಅಷ್ಟಾಗಿ ಒಗ್ಗೋದಿಲ್ಲ, ಹಾಗಾಗಿ ಪರಂಗಿ. ಅದೇ ಪದ ಇನ್ನೊಂದು ದಾರೀಲಿ ಬಂದು ಫಿರಂಗಿ ಆಯ್ತು, ಅಂದ್ರೆ ತೋಪು. ಒಂದೇ ವಿಶೇಷಣ, ಒಂದು ಕಡೆ ಹಣ್ಣು, ಇನ್ನೊಂದು ಕಡೆ ಕೋಟೆ ಒಡೆಯೋ ಆಯುಧ. ತಮಿಳುನಾಡಿನ ಪೋರ್ಟೊ ನೋವೊ ಊರಿಗೆ ಪರಂಗಿಪೇಟೆ ಅಂತ ಹೆಸರು. 1781ರಲ್ಲಿ ನಮ್ಮ ಹೈದರಾಲಿ ಇಂಗ್ಲಿಷರ ಕೈಲಿ ಸೋತದ್ದು ಅಲ್ಲೇ.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. ಕಾವೇರಿ ದಂಡೆಯಲ್ಲಿ ಸ್ಕಾಟ್ ಬಂಗಲೆ ಪಕ್ಕ ಒಂದು ಹಳೆಯ ಸ್ಮಶಾನ ಇದೆ, ಗ್ಯಾರಿಸನ್ ಸಿಮೆಟ್ರಿ ಅಂತಾರೆ. ಸುಮಾರು 300 ಸಮಾಧಿಗಳಿವೆ. ದಾರಿಹೋಕರನ್ನು ಕೇಳಿದರೆ 'ಬ್ರಿಟಿಷರ ಗೋರಿ' ಅಂದುಬಿಡ್ತಾರೆ. ಆದರೆ ಅಲ್ಲಿ ಮಲಗಿರೋರಲ್ಲಿ ಡಿ ಮ್ಯೂರೋನ್ ರೆಜಿಮೆಂಟಿನವರೂ ಇದ್ದಾರೆ. ಅದು 1781ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಕಟ್ಟಿದ ಬಾಡಿಗೆ ಪಡೆ. ಮೊದಲು ಡಚ್ಚರ ಕಂಪನಿಗೆ ದುಡಿಯಿತು, 1795ರಲ್ಲಿ ಸಿಲೋನಿನಲ್ಲಿದ್ದಾಗ ಇಂಗ್ಲಿಷರ ಕಡೆ ಸೇರಿತು, 1799ರಲ್ಲಿ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿತು. ಕೋಟೆಯ ಒಳಗೆ ಟಿಪ್ಪುವಿನ ಪರ ಇದ್ದ ಯುರೋಪಿನವರು ಫ್ರೆಂಚರು. ಹೊರಗೆ ಇಂಗ್ಲಿಷರು, ಸ್ಕಾಟ್ಲೆಂಡಿನವರು, ಐರಿಷರು, ಫ್ರೆಂಚ್ ಮಾತಾಡೋ ಸ್ವಿಸ್ಸರು. ಒಬ್ಬರನ್ನೊಬ್ಬರು ಕೊಲ್ಲೋಕೆ ನಿಂತಿದ್ದ ಇವರೆಲ್ಲ ಊರಿನವರ ಬಾಯಲ್ಲಿ ಒಂದೇ ಜನ, ಪರಂಗಿಗಳು.

ಅಲ್ಲಿಂದ ಕೆಲವೇ ಮೈಲಿ ಆಚೆಗೆ ಪಾಂಡವಪುರ. ಅದರ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು ಅಂತ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. ದಾಖಲೆಗಳಲ್ಲಿ, ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಆ ಹೆಸರೇ ಬಹಳ ಕಾಲ ನಡೀತು. ಗಮನಿಸಿ, ಇಂಗ್ಲಿಷರಿಗೆ ಆ ಬಂಡೆಗಳು ಖಚಿತವಾಗಿ ಫ್ರೆಂಚರವು. ಯಾಕಂದ್ರೆ ಫ್ರೆಂಚರು ಅವರ ಪಕ್ಕದ ಮನೆಯವರು, ನೂರಾರು ವರ್ಷದ ಜಗಳಗಂಟರು. ಊರಿನ ಜನಕ್ಕೆ ಆ ವ್ಯತ್ಯಾಸ ತಿಳಿದು ಆಗಬೇಕಾದ್ದು ಏನೂ ಇರಲಿಲ್ಲ. ಯಾವ ಪರಂಗಿ ಬಂದರೂ ದಂಡಿಗೆ ಹುಲ್ಲು, ಹಾಲು, ಎತ್ತು ಕೊಡೋದು ಇವರೇ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಗುತ್ತೆ. ಜನವಾಚಕ ಪದ ಅಳೆಯೋದು ಹೇಳುವವನಿಗೂ ಕರೆಸಿಕೊಳ್ಳುವವನಿಗೂ ನಡುವೆ ಎಷ್ಟು ದೂರ ಇದೆ ಅನ್ನೋದನ್ನ. ದೂರದಿಂದ ನೋಡಿದರೆ ಬೆಟ್ಟ ನುಣ್ಣಗೆ. ನಮ್ಮಲ್ಲಿ 'ಸೀಮೆ' ಅನ್ನೋ ಪದವೂ ಹೀಗೇ ಕೆಲಸ ಮಾಡಿದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಇವತ್ತಿಗೂ ಡೇರಿಗೆ ಹಾಲು ಹಾಕುವವರ ಕೊಟ್ಟಿಗೆಯಲ್ಲಿರೋ ಸೀಮೆಹಸು. ಯಾವ ಸೀಮೆ? ಯಾವುದೋ ಒಂದು, ನಮ್ಮದಲ್ಲದ್ದು. ಸೀಮೆಹಸುವನ್ನು ಹಾಗೆ ಕರೆಯೋ ಹೆಂಗಸಿಗೆ ಹಾಲೆಂಡಿನ ಮೇಲೆ ಸಿಟ್ಟೇನೂ ಇಲ್ಲ. ಗೊತ್ತಿಲ್ಲದಿರೋದು ತಪ್ಪಲ್ಲ. ಮನುಷ್ಯ ಎಲ್ಲರನ್ನೂ ಹತ್ತಿರದಿಂದ ನೋಡೋಕೆ ಆಗೋದೂ ಇಲ್ಲ.

ಹಾಗಾದರೆ ಇದೆಲ್ಲ ಬರೀ ಭಾಷೆಯ ಕುತೂಹಲವಾ? ಅಲ್ಲ ಅಂತ ಅನಿಸೋದು ಈ ಪದ ಆಸ್ಪತ್ರೆಗೆ ಹೋದಾಗ.

16ನೇ ಶತಮಾನದಲ್ಲಿ ಭಾವಮಿಶ್ರ ಬರೆದ 'ಭಾವಪ್ರಕಾಶ' ಅನ್ನೋ ವೈದ್ಯಗ್ರಂಥದಲ್ಲಿ ಒಂದು ಹೊಸ ಕಾಯಿಲೆ ಬರುತ್ತೆ, ಫಿರಂಗ ರೋಗ. ಇವತ್ತು ನಾವು ಸಿಫಿಲಿಸ್ ಅನ್ನೋದು. ಫಿರಂಗ ದೇಶದಲ್ಲಿ ಹೆಚ್ಚಾಗಿರೋದರಿಂದ ಈ ಹೆಸರು ಅನ್ನೋದು ಅದರ ವಿವರಣೆ. ಅದಕ್ಕೆ ಮದ್ದಾಗಿ ಚೀನಾದಿಂದ ಒಂದು ಬೇರು ಬಂತು. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಒರ್ಟಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ ಅದರ ಬಗ್ಗೆ ಬರೆದ. ಹಿಂದಿಯಲ್ಲಿ ಅದಕ್ಕೆ ಚೋಬ್‌ಚೀನಿ, ಅಂದ್ರೆ ಚೀನಾದ ಕಟ್ಟಿಗೆ. ನಮ್ಮ ಗ್ರಂಥಿಗೆ ಅಂಗಡೀಲಿ ಅದೇ ವಸ್ತು ಪರಂಗಿಚಕ್ಕೆ. ರೋಗಕ್ಕೂ ಪರಂಗಿ, ಮದ್ದಿಗೂ ಪರಂಗಿ.

ಇದನ್ನು ನಮ್ಮ ಹಿರಿಯರ ಕೊಂಕು ಅಂತ ತಿಳಿಯಬೇಡಿ, ಯುರೋಪಿನವರೂ ಇದನ್ನೇ ಮಾಡಿದರು. ಇಟಲಿಯವರು, ಜರ್ಮನ್ನರು, ಇಂಗ್ಲಿಷರು ಅದಕ್ಕೆ ಫ್ರೆಂಚ್ ರೋಗ ಅಂದರು. ಫ್ರೆಂಚರು ನೇಪಲ್ಸ್ ರೋಗ ಅಂದರು. ರಷ್ಯದವರು ಪೋಲೆಂಡಿನ ಕಡೆ ಕೈ ತೋರಿಸಿದರು. ಟರ್ಕಿಯಲ್ಲಿ ಇವತ್ತಿಗೂ ಅದರ ಹೆಸರು ಫ್ರೆಂಗಿ. ಪ್ರತಿಯೊಬ್ಬರಿಗೂ ರೋಗ ಪಕ್ಕದವನದ್ದೇ.

ಹೀಗೆ ಹೆಸರಿಗೆ ರೋಗ ಅಂಟಿದ ಮೇಲೆ, ಆ ಹೆಸರಿನವರು ಎದುರಿಗೆ ಬಂದಾಗ ಅಂಟಿದ್ದು ತಾನಾಗಿ ಕಳಚಿಕೊಳ್ಳೋದಿಲ್ಲ. ಕಾಯಿಲೆಗಳಿಗೆ ಊರಿನ, ದೇಶದ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ಆಗ ಇದೇನು ದೊಡ್ಡ ವಿಷಯ ಅಂತ ನಕ್ಕವರು ಇದ್ದರು. 2020ರ ಮಾರ್ಚ್‌ನಲ್ಲಿ ಮೈಸೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಒಳಗೆ ಬಿಡಲಿಲ್ಲ ಅಂತ ಸುದ್ದಿಯಾಯ್ತು. ಅವರ ಹತ್ತಿರ ಆಧಾರ್ ಇತ್ತು, ಭಾರತೀಯರು ಅಂತ ತೋರಿಸಿದರು. ಮುಖಕ್ಕೆ ಅಂಟಿದ ವಿಶೇಷಣದ ಮುಂದೆ ಕಾರ್ಡು ನಡೆಯಲಿಲ್ಲ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆ ದಾರಿಯಲ್ಲಿ, ನಾವು ನೀವು ಅಕ್ಕಿ ಬೇಳೆ ತರೋ ಅಂಥದ್ದೇ ಅಂಗಡಿಯಲ್ಲಿ ನಡೆದದ್ದು ಇದು.

ಪದ ಅಂಟಿದವರು ಅದರಿಂದ ಬಿಡಿಸಿಕೊಳ್ಳೋಕೆ ಏನು ಮಾಡ್ತಾರೆ? ಒಂದು ದಾರಿ ರಾಬರ್ಟೊ ಡಿ ನೊಬಿಲಿ ತೋರಿಸಿದ. ಇಟಲಿಯ ಸಿರಿವಂತ ಮನೆತನದ ಜೆಸ್ಯುಯಿಟ್ ಪಾದ್ರಿ, 1606ರಲ್ಲಿ ಮಧುರೆಗೆ ಬಂದ. ಅಲ್ಲಿ ಕ್ರೈಸ್ತರಾಗೋದು ಅಂದ್ರೆ ಪರಂಗಿ ಕುಲ ಸೇರೋದು ಅಂತಲೇ ಜನ ತಿಳಿದಿದ್ದರು. ಪರಂಗಿ ಅಂದ್ರೆ ದನದ ಮಾಂಸ ತಿಂದು, ಹೆಂಡ ಕುಡಿದು, ಸ್ನಾನ ಮಾಡದೆ ತಿರುಗುವವರು ಅನ್ನೋ ಭಾವನೆ. ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ, ತಮಿಳು ಸಂಸ್ಕೃತ ಕಲಿತ. ನಾನು ಪರಂಗಿ ಅಲ್ಲ, ಅವರ ನಾಡಲ್ಲಿ ಹುಟ್ಟಿದವನಲ್ಲ, ಅವರ ಕುಲಕ್ಕೂ ನನಗೂ ಸಂಬಂಧ ಇಲ್ಲ ಅಂತ ಬಹಿರಂಗವಾಗಿ ಸಾರಿದ. ಇದೇ ಪದ್ಧತಿ ಹಿಡಿದು 17ನೇ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಅನ್ನೋ ಇನ್ನೊಬ್ಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೂ ಬಂದ.

ನೊಬಿಲಿ ಹೇಳಿದ್ದು ಸುಳ್ಳೂ ಅಲ್ಲ, ಅವನು ಪೋರ್ಚುಗೀಸನಲ್ಲ. ಆದರೆ ಆ ಮಾತಿನ ಒಳಗೆ ಇನ್ನೊಂದು ಮಾತಿದೆ: ಪರಂಗಿಗಳು ನೀವು ಅಂದುಕೊಂಡಷ್ಟೇ ಕೀಳು, ನಾನು ಮಾತ್ರ ಅವರಲ್ಲಿ ಒಬ್ಬನಲ್ಲ. ತನ್ನ ಹೆಗಲ ಮೇಲಿನ ಮಸಿ ಒರೆಸಿಕೊಂಡು ಪಕ್ಕದವನ ಹೆಗಲಿಗೆ ಹಚ್ಚಿದ ಹಾಗೆ. ಈ ದಾರಿ ನಮಗೆ ಹೊಸದಲ್ಲ. ದೆಹಲಿಯಲ್ಲಿ ಯಾರಾದರೂ 'ಮದ್ರಾಸಿ' ಅಂದಾಗ 'ಇಲ್ಲ ಇಲ್ಲ, ನಾನು ಬೆಂಗಳೂರಿನವನು' ಅಂತ ತಕ್ಷಣ ತಿದ್ದೋದರಲ್ಲಿ ನಿಜವೂ ಇದೆ, ಸ್ವಲ್ಪ ನೊಬಿಲಿಯೂ ಇದ್ದಾನೆ. ಮದ್ರಾಸಿನವರನ್ನ ಹಾಗೆ ಕೊಂಕಾಗಿ ಕರೆಯಬಹುದಾ ಅನ್ನೋ ಪ್ರಶ್ನೆ ಅಲ್ಲಿ ಯಾರೂ ಎತ್ತೋದಿಲ್ಲ.

ಇನ್ನೊಂದು ದಾರಿ ಇದೆ. ಅದನ್ನು ತೋರಿಸಿದವನೂ ಒಬ್ಬ ಪರಂಗಿಯೇ.

ನಮಗೂ ಹೊರಗಿನವರು ಒಂದು ಹೆಸರು ಇಟ್ಟಿದ್ದರು, ಕೆನರೀಸ್. ಪೋರ್ಚುಗೀಸರು ಕರಾವಳಿಯನ್ನು ಕೆನರಾ ಅಂದರು. ಗೋವಾದ ಕೊಂಕಣಿ ಮಾತಾಡುವವರನ್ನೂ 'ಕನಾರಿಂ' ಅಂತ ಕರೆದರು, ಅಷ್ಟು ಗೊಂದಲ. ಇಂಗ್ಲಿಷರು ಅದನ್ನೇ ಎತ್ತಿಕೊಂಡು ಭಾಷೆಗೂ ಜನಕ್ಕೂ ಕೆನರೀಸ್ ಅಂದರು. 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಸ್ಯಾಂಡರ್ಸನ್ ನಿಘಂಟಿನ ಮುಖಪುಟದಲ್ಲಿ ಇರೋದು 'ಕೆನರೀಸ್'. ಜರ್ಮನಿಯಿಂದ ಬಾಸೆಲ್ ಮಿಷನ್ನಿಗೆ ಬಂದ ಫರ್ಡಿನೆಂಡ್ ಕಿಟೆಲ್ 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚು ಹಾಕಿದಾಗಲೂ ಮುಖಪುಟದಲ್ಲಿ 'ಕೆನರೀಸ್' ಅಂತಲೇ ಇತ್ತು. ಅದೇ ಕಿಟೆಲ್ 1894ರಲ್ಲಿ ತಮ್ಮ ಮಹಾ ನಿಘಂಟು ತಂದಾಗ ಮುಖಪುಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ 'ಕನ್ನಡ' ಅಂತ ಬರೆದರು.

19 ವರ್ಷದಲ್ಲಿ ಆದದ್ದು ಇಷ್ಟೇ, ಈ ಭಾಷೆಯ ಜನ ತಮ್ಮನ್ನ ತಾವು ಏನಂತ ಕರ್ಕೊಳ್ತಾರೋ ಅದೇ ಹೆಸರು ಮುಖಪುಟಕ್ಕೆ ಬಂತು. ಯಾವ ಸರ್ಕಾರದ ಆದೇಶವೂ ಅವರನ್ನು ಒತ್ತಾಯಿಸಲಿಲ್ಲ. ಅವರ ನಂತರವೂ ಹಲವರು ಕೆನರೀಸ್ ಅಂತಲೇ ಬರೀತಾ ಹೋದರು, ನಮ್ಮ ಕರಾವಳಿಯ ಎರಡು ಜಿಲ್ಲೆಗಳು ಎಷ್ಟೋ ವರ್ಷ ಕೆನರಾಗಳಾಗಿಯೇ ಇದ್ದವು. ಕಿಟೆಲ್ ಮಾತ್ರ ಹತ್ತಿರದಿಂದ ನೋಡಿದ್ದರು. ಹಳ್ಳಿ ಹಳ್ಳಿಯ ಪದ ಕೂಡಿಸಿದವರಿಗೆ ಆ ಜನದ ಹೆಸರನ್ನೇ ತಪ್ಪಾಗಿ ಬರೆಯೋದು ಸರಿ ಅನ್ನಿಸಿರಲಾರದು. ದೂರ ಕಡಿಮೆಯಾದಾಗ ಹೆಸರು ತಾನಾಗಿ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮಲ್ಲಿಲ್ಲ.

ಆದರೆ ದೂರ ಕಡಿಮೆಯಾದರೂ ಹೆಸರು ಬದಲಾಗದ ಉದಾಹರಣೆಯೂ ಇದೆ. ಇದನ್ನು ಹೇಳದೆ ಮುಂದೆ ಹೋಗೋದು ನ್ಯಾಯ ಅಲ್ಲ.

'ತುರುಕ' ಅನ್ನೋದೂ ಪರಂಗಿಯ ಹಾಗೇ ಶುರುವಾದ ಪದ. ಮೂಲ ತುರ್ಕರು, ಮಧ್ಯ ಏಷ್ಯಾದ ಕಡೆಯ ಒಂದು ಜನ. ಸಂಸ್ಕೃತದಲ್ಲಿ ತುರುಷ್ಕ. ಹಳೆಯ ಶಾಸನಗಳಲ್ಲಿ ಅದು ಒಂದು ಸೈನ್ಯದ, ಒಂದು ದೊರೆತನದ ಹೆಸರಾಗಿ ಬರುತ್ತೆ. ಕಾಲ ಕಳೆದ ಹಾಗೆ ಧರ್ಮದ ಹೆಸರಾಯ್ತು. ಆಮೇಲೆ ಬೈಗುಳ. ಪಾಂಡವಪುರ ತಾಲ್ಲೂಕಿನದೇ ಆದ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಹಿಂದೆ ದೆಹಲಿಯಿಂದ ಬಂದಳು ಅನ್ನೋ ಸುಲ್ತಾನನ ಮಗಳ ಕಥೆ ನಿಮಗೆ ಗೊತ್ತಿರಬಹುದು. ಆಕೆ ಬೀಬಿ ನಾಚ್ಚಿಯಾರ್. ಶ್ರೀವೈಷ್ಣವರ ತಮಿಳಿನಲ್ಲಿ ಆಕೆಯನ್ನು ತುಲುಕ್ಕ ನಾಚ್ಚಿಯಾರ್ ಅಂತಲೂ ಕರೀತಾರೆ. ನಾಚ್ಚಿಯಾರ್ ಅಂದ್ರೆ ದೇವರ ಅರಸಿ. ಅದೇ ವಿಶೇಷಣ ಅಲ್ಲಿ ಪೂಜೆಯ ಹೆಸರಿನ ಭಾಗ. ಬೆಟ್ಟ ಇಳಿದು ಬಂದರೆ ಜಗಳದಲ್ಲಿ ಎಸೆಯೋ ಕಲ್ಲು.

ಪರಂಗಿ ಮತ್ತು ತುರುಕ, ಎರಡೂ ಹೊರಗಿನವರಿಗೆ ಕೊಟ್ಟ ಹೆಸರುಗಳು. ಎರಡರಲ್ಲೂ ಭೂಗೋಳ ತಪ್ಪು. ಆದರೂ ಪರಂಗಿ ಇವತ್ತು ಹಣ್ಣಿನಂಗಡೀಲಿ ಮೆತ್ತಗೆ ಕೂತಿದೆ, ಇನ್ನೊಂದು ಪದ ಇವತ್ತಿಗೂ ಗಾಯ ಮಾಡುತ್ತೆ. ಯಾಕೆ? ಪರಂಗಿಗಳು ಹೊರಟುಹೋದರು. ಇದ್ದಾಗಲೂ ಅವರ ಕೈಲಿ ತೋಪು ಇತ್ತು. ಆಳುವವನಿಗೆ ಬೆನ್ನ ಹಿಂದೆ ಇಟ್ಟ ಅಡ್ಡಹೆಸರು ಅವನ ಊಟ ಕಿತ್ಕೊಳ್ಳೋದಿಲ್ಲ. ಇನ್ನೊಂದು ಪದ ಹೇಳಿಸಿಕೊಳ್ಳೋರು ಎಲ್ಲಿಗೂ ಹೋಗಿಲ್ಲ. ಇಲ್ಲೇ ಹುಟ್ಟಿ, ಇದೇ ಶಾಲೆಯಲ್ಲಿ ಕನ್ನಡ ಕಲಿತು, ಇದೇ ಬಸ್ ಸ್ಟಾಂಡಿನಲ್ಲಿ ಅಂಗಡಿ ಇಟ್ಟವರು. ಅವರ ಅಜ್ಜನ ಅಜ್ಜನಿಗೂ ತುರ್ಕಿ ಗೊತ್ತಿರಲಿಲ್ಲ. ಇದೇ ನೆಲದಲ್ಲಿ ಹುಟ್ಟಿದವನನ್ನು ಬೇರೆ ದೇಶದ ಹೆಸರು ಹಿಡಿದು ಕೂಗೋದು ಅಂದ್ರೆ, ನೀನು ಇಲ್ಲಿಯವನಲ್ಲ ಅಂತ ದಿನಾ ಹೇಳಿದ ಹಾಗೆ.

ಹಾಗಾಗಿ ಒಂದು ಪದ ಹಳೆಯದಾಯ್ತೋ ಇಲ್ಲವೋ ಅಂತ ನಿಘಂಟು ನೋಡಿ ತಿಳಿಯೋಕಾಗಲ್ಲ. ಅದನ್ನು ಹೇಳಿದಾಗ ಬೆಲೆ ತೆರೋದು ಯಾರು, ತಿರುಗಿ ಮಾತಾಡೋ ಶಕ್ತಿ ಅವರಿಗಿದೆಯಾ ಅಂತ ನೋಡಬೇಕು. ಭೂಗೋಳ ಗೊತ್ತಿಲ್ಲದವರನ್ನು ಕ್ಷಮಿಸಬಹುದು. ಎದುರಿಗೆ ನಿಂತ ಮನುಷ್ಯ ನನ್ನ ಹೆಸರು ಇದು ಅಂತ ಹೇಳಿದ ಮೇಲೂ ಹಳೇ ಹೆಸರೇ ಬೇಕು ಅನ್ನೋದು ಅಜ್ಞಾನ ಅಲ್ಲ, ಹಟ.

ಇಲ್ಲಿ ನಿಮ್ಮಲ್ಲಿ ಕೆಲವರು ತಕರಾರು ತೆಗೀತೀರಿ ಅಂತ ಗೊತ್ತು. 'ಗುರು, ಇದೆಲ್ಲ ಎಚ್.ಆರ್. ಟ್ರೈನಿಂಗ್ ಮಾತು. ಇನ್ನು ಮಾತಾಡೋಕೆ ಮುಂಚೆ ಪಟ್ಟಿ ನೋಡ್ಬೇಕಾ?' ತಕರಾರಿನಲ್ಲಿ ಅರ್ಥ ಇದೆ. ಪಟ್ಟಿ ಮಾಡಿ ಪದ ನಿಷೇಧಿಸೋದರಿಂದ ಹೆಚ್ಚೇನೂ ಆಗೋದಿಲ್ಲ, ಒಳಗಿನ ತಾತ್ಸಾರ ಹೊಸ ಪದದ ಬೆನ್ನೇರಿ ಬರುತ್ತೆ. ಹೊರಗಿನವರು ಕೊಟ್ಟ ಹೆಸರನ್ನು ಖುಷಿಯಿಂದ ಇಟ್ಕೊಂಡವರೂ ಇದ್ದಾರೆ. ಇಂಡಿಯಾ ಅನ್ನೋ ಹೆಸರೇ ಸಿಂಧೂ ನದಿಯ ಆಚೆ ನಿಂತವರು ಕೊಟ್ಟದ್ದು. ವೀಕೆಂಡಿಗೆ ಕೂರ್ಗ್ ಹೋಗಿ ಬಂದೆ ಅಂದ್ರೆ ಎಷ್ಟೋ ಕೊಡವರಿಗೆ ಏನೂ ಅನಿಸೋದಿಲ್ಲ, ಕೆಲವರು ಕೊಡಗು ಅಂತ ತಿದ್ದಬಹುದು. 'ಮೈಸೂರಿನವರು' ಅನ್ನೋದು ನಮಗೆ ಹೆಮ್ಮೆಯ ಹೆಸರು. ಆದರೆ ಧಾರವಾಡ, ಕಲಬುರಗಿ ಕಡೆಯವರಿಗೆ ರಾಜ್ಯದ ಹೆಸರಾಗಿ ಅದು ತಮ್ಮದು ಅನ್ನಿಸಲಿಲ್ಲ. 1973ರ ನವೆಂಬರ್ 1ರಂದು ಅದು ಕರ್ನಾಟಕ ಆಯ್ತು. ಮೈಸೂರು ಕೆಟ್ಟ ಪದವೇನೂ ಆಗಿರಲಿಲ್ಲ. ಅದರೊಳಗೆ ಸೇರಿದವರಲ್ಲಿ ಬಹಳ ಜನಕ್ಕೆ ಅದು ಹೊರಗಿನ ಹೆಸರಾಗಿತ್ತು, ಅವರು ಹೇಳಿದರು, ಕೇಳಬೇಕಾಯ್ತು. ಪಟ್ಟಿಗಿಂತ ಕೇಳೋ ಕಿವಿ ಮುಖ್ಯ ಅನ್ನೋದು ನನ್ನ ವಾದ.

ಕೇಳೋ ವಿಷಯಕ್ಕೆ ಬಂದರೆ ನಮ್ಮ ಸೀಮೆಯವರು ಯಾರಿಗೂ ಕಡಿಮೆ ಇಲ್ಲ. ನಾಗಮಂಗಲದ ಬಸ್ಸಿನಲ್ಲಿ ಪಕ್ಕ ಕೂತವರು ಐದು ನಿಮಿಷದಲ್ಲಿ ಕೇಳ್ತಾರೆ, 'ಯಾವೂರಾಯ್ತು ತಮ್ದು?' ಕೆ.ಆರ್. ಪೇಟೆ ಅಂದರೆ ಬಿಡಲ್ಲ. 'ಪೇಟೇನಾ, ಹಳ್ಳಿನಾ? ಯಾವ ಹೋಬಳಿ? ಕೆರೆ ಈ ಕಡೆಯವ್ರಾ ಆ ಕಡೆಯವ್ರಾ?' ಬೆಂಗಳೂರಿನ ಆಫೀಸಿನಲ್ಲಿ ಈ ನಾಲ್ಕು ತಾಲ್ಲೂಕಿನವರೂ ಒಂದೇ, 'ಮಂಡ್ಯದವ್ರು'. ಕಬ್ಬು, ಜೋರು ಗಂಟಲು, ಸಿನಿಮಾ ಡೈಲಾಗು. ಆದರೆ ಶ್ರೀರಂಗಪಟ್ಟಣದ ನಾಲೆ ನೀರಿನ ಗದ್ದೆಗೂ, ಮಳೆ ನಂಬಿ ರಾಗಿ ಬಿತ್ತೋ ನಾಗಮಂಗಲದ ಹೊಲಕ್ಕೂ ಹೋಲಿಕೆ ಎಲ್ಲಿ? ಅಷ್ಟಕ್ಕೂ ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. ಅದಕ್ಕೆ ಮುಂಚೆ ಇವರೆಲ್ಲ ಮೈಸೂರು ಜಿಲ್ಲೆಯವರು. ಕೆ.ಆರ್. ಪೇಟೆ ಒಂದು ಕಾಲಕ್ಕೆ ಅತ್ತಿಗುಪ್ಪೆ, ಪಾಂಡವಪುರ ಹಿರೋಡೆ, ನಡುವೆ ಫ್ರೆಂಚ್ ರಾಕ್ಸ್. ಎಂಬತ್ತು ಚಿಲ್ಲರೆ ವರ್ಷದ ವಿಶೇಷಣ ಇಟ್ಕೊಂಡು ನಾವು ಒಬ್ಬರ ಸ್ವಭಾವವನ್ನೇ ಊಹೆ ಮಾಡ್ತೀವಿ.

ಇಷ್ಟು ಸೂಕ್ಷ್ಮವಾಗಿ ಊರು ಕೇಳೋ ಜನವೇ ಆಲೆಮನೆಯಲ್ಲಿ ಬೆಲ್ಲ ಕಾಯಿಸೋಕೆ ಬಂದವನಿಗೆ ಒಂದೇ ಮಾತಲ್ಲಿ 'ಬಿಹಾರಿ' ಅಂದುಬಿಡ್ತಾರೆ. ಅವನು ಉತ್ತರ ಪ್ರದೇಶದವನಿರಬಹುದು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೈಲ್ಸ್ ಹಾಕೋನು ಒಡಿಶಾದವನಿರಬಹುದು, ಸೆಕ್ಯೂರಿಟಿಯವನು ಅಸ್ಸಾಮಿನವನಿರಬಹುದು. ಅವರೆಲ್ಲ ನಮಗೆ ಬಿಹಾರಿ, ಇಲ್ಲಾ ನಾರ್ತಿ, ಇಲ್ಲಾ 'ಹಿಂದಿಯವ್ರು'. ನಮ್ಮ ಕಾಲದ ಪರಂಗಿಗಳು ಇವರು, ಒಂದೇ ವ್ಯತ್ಯಾಸ, ಇವರ ಕೈಲಿ ತೋಪು ಇಲ್ಲ. ಇಲ್ಲಿ ನೆಲೆಸಿದವರು ಕನ್ನಡ ಕಲೀಬೇಕು ಅನ್ನೋದು ನ್ಯಾಯವಾದ ಮಾತು, ಅದನ್ನು ಗಟ್ಟಿಯಾಗೇ ಹೇಳೋಣ. ಅದನ್ನು ಹೇಳೋಕೆ ಅವರ ಊರಿನ ಹೆಸರನ್ನೇ ಬೈಗುಳ ಮಾಡಬೇಕಾಗಿಲ್ಲ.

'ಹಾಗಾದರೆ ಅವರನ್ನೂ ಯಾವೂರು ಅಂತ ಕೇಳಿದರಾಯ್ತು' ಅಂತ ಮುಗಿಸಿಬಿಡೋಕೆ ನನಗೂ ಆಸೆ. ಆದರೆ ಆ ಪ್ರಶ್ನೆ ಅಷ್ಟು ಮುಗ್ಧವಲ್ಲ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. 'ಯಾವೂರು' ಆದಮೇಲೆ ಬರೋದು 'ಯಾರ ಮನೇವ್ರು', ಅದಾದ ಮೇಲೆ ಸ್ವಲ್ಪ ದನಿ ಇಳಿಸಿ, 'ತಾವು ಯಾವ ಜನ?' ಅಲ್ಲಿ ಜನ ಅಂದ್ರೆ ಜಾತಿ. ಉತ್ತರ ಸಿಕ್ಕಿದ ಮೇಲೆ ಕೆಲವರಿಗೆ ಒಳಗೆ ಕರೆದು ಲೋಟದಲ್ಲಿ ನೀರು, ಕೆಲವರಿಗೆ ಹೊರಗೇ ಮಾತು. ಈ ಪ್ರಶ್ನೆಗೆ ಹೆದರಿ ಊರಿನ ಹೆಸರನ್ನೇ ಬದಲಾಯಿಸಿ ಹೇಳೋರಿದ್ದಾರೆ, ಬಾಡಿಗೆ ಮನೆ ಸಿಗದೆ ವಾಪಸ್ ಹೋದವರಿದ್ದಾರೆ. ಹತ್ತಿರದಿಂದ ತಿಳ್ಕೊಳ್ಳೋದು ಯಾವಾಗಲೂ ಪ್ರೀತಿಯೇ ಆಗಬೇಕು ಅಂತೇನಿಲ್ಲ. ದೂರದಲ್ಲಿದ್ದವನನ್ನು ಪರಂಗಿ ಅಂತ ಗುಡ್ಡೆ ಹಾಕೋದು ಒಂದು ಅನ್ಯಾಯ. ಹತ್ತಿರ ಇರೋನನ್ನು ಕೆದಕಿ ಕೆದಕಿ ಸರಿಯಾದ ಗೂಡಿಗೆ ತುಂಬೋದು ಅದಕ್ಕಿಂತ ಹಳೆಯ ಅನ್ಯಾಯ.

ಒಂದೇ ಪ್ರಶ್ನೆ ಎರಡು ಥರ ಇರೋದು ಹೇಗೆ? ಕಿಟೆಲ್ ಕೇಳಿದ್ದು ನೀವು ನಿಮ್ಮನ್ನ ಏನಂತ ಕರ್ಕೊಳ್ತೀರಿ ಅಂತ. ಉತ್ತರ ಬಂದ ಮೇಲೆ ಬದಲಾದದ್ದು ಅವರ ಪುಸ್ತಕದ ಮುಖಪುಟ. 'ಯಾವ ಜನ' ಅಂತ ಕೇಳುವವನ ಉತ್ತರದಿಂದ ಬದಲಾಗೋದು ಹೇಳಿದವನ ಜಾಗ, ಕೇಳಿದವನದ್ದು ಅಲ್ಲಾಡೋದಿಲ್ಲ. ನನಗೆ ಕಾಣೋ ಹಾಗೆ ಪರೀಕ್ಷೆ ಇದೇ. ಉತ್ತರ ಕೇಳಿದ ಮೇಲೆ ನನ್ನಲ್ಲಿ ಏನಾದರೂ ತಿದ್ದಿಕೊಳ್ಳೋಕೆ ನಾನು ತಯಾರಿದ್ದೀನಾ? ಇದ್ದರೆ ಕೇಳಬಹುದು. ಇಲ್ಲದಿದ್ದರೆ ಅವನ ಹೆಸರು ಕೇಳಿ ಸುಮ್ಮನಾಗೋದೇ ಮರ್ಯಾದೆ.

ಪರಂಗಿ ಹಣ್ಣು ಹಾಗೇ ಇರಲಿ ಬಿಡಿ. ಅದರಿಂದ ಯಾರಿಗೂ ನೋವಿಲ್ಲ, ಆ ಹೆಸರಿನಲ್ಲಿ 500 ವರ್ಷದ ಸಮುದ್ರಯಾನ ಇದೆ. ಟೈಲ್ಸ್ ಹಾಕೋ ಹುಡುಗ ನಾಳೆಯೂ ಬರ್ತಾನೆ. ಅವನಿಗೊಂದು ಹೆಸರಿದೆ, ಆಧಾರ್ ಕಾರ್ಡಿನಲ್ಲಿ ಅಚ್ಚಾಗಿದೆ. ಸೆಕ್ಯೂರಿಟಿ ಗೇಟಿನ ಪುಸ್ತಕದಲ್ಲಿ ಅದರ ಬದಲು 'ಲೇಬರ್' ಅಂತ ಬರೆದಿರುತ್ತೆ.